ಅಡಿಪಾಯ ತೋಡುವ ಮೊದಲು: ಕಾಸರಗೋಡಿನ ಕಟ್ಟಡ ಯೋಜನೆಗಳಲ್ಲಿ ಪುರಾತತ್ವ ಸಲಹೆಗಾರರ ಪಾತ್ರ

ಕಾಸರಗೋಡು ಜಿಲ್ಲೆಯಲ್ಲಿ ಮನೆ ಕಟ್ಟಿಸುವವರು, ಕಡಲತೀರದಲ್ಲಿ ರೆಸಾರ್ಟ್ ಮಾಡಲು ಹೊರಟವರು, ಶಾಲೆಯ ಅಥವಾ ದೇವಸ್ಥಾನದ ಆಡಳಿತ ಸಮಿತಿಯ ಪರವಾಗಿ ಹೊಸ ಕಟ್ಟಡದ ನಕ್ಷೆ ಮಾಡಿಸುವವರು ಪುರಾತತ್ವದ ಮಾತನ್ನು ಸಾಮಾನ್ಯವಾಗಿ ಕೇಳುವುದು ತೀರ ತಡವಾಗಿ. ಪಂಚಾಯತ್ ಕಚೇರಿ ಪುರಾತತ್ವ ಇಲಾಖೆಯ ಎನ್‌ಒಸಿ (ಆಕ್ಷೇಪಣೆ ಇಲ್ಲವೆಂಬ ಪತ್ರ) ಕೇಳಿ ಕಡತವನ್ನು ಹಿಂದಿರುಗಿಸಿದಾಗ, ಇಲ್ಲವೇ ಜೆಸಿಬಿಯ ಹಲ್ಲು ಮುರಕಲ್ಲಿನೊಳಗಿನ (ಜಂಬಿಟ್ಟಿಗೆಯೊಳಗಿನ) ಟೊಳ್ಳಿಗೆ ತಾಗಿದಾಗ. ಆ ಹೊತ್ತಿಗೆ ಜಾಗಕ್ಕೆ ಹಣ ಹಾಕಿ ಆಗಿರುತ್ತದೆ, ಎಂಜಿನಿಯರರ ನಕ್ಷೆ ಸಿದ್ಧವಾಗಿರುತ್ತದೆ, ಬ್ಯಾಂಕಿನ ಸಾಲವೂ ಮಂಜೂರಾಗಿರುತ್ತದೆ. ಪುರಾತತ್ವ ಸಲಹೆಗಾರರಿಗೆ ಮಾಡಲು ಉಳಿಯುವುದು ಆಗ ಬಹಳ ಕಡಿಮೆ. ನಕ್ಷೆಗೆ ಗೆರೆ ಎಳೆಯುವ ಮೊದಲೇ ಅವರನ್ನು ಕರೆಸಿದರೆ ಅವರು ಏನೆಲ್ಲ ಮಾಡಿಕೊಡಬಲ್ಲರು, ಅವರಿಂದ ಏನನ್ನು ಕೇಳಬಾರದು, ಕೆಲಸವನ್ನು ಯಾವ ಕ್ರಮದಲ್ಲಿ ಮಾಡಿಸಬೇಕು ಎಂಬುದನ್ನು ನಮ್ಮ ಗಡಿನಾಡಿನ ಪರಿಸ್ಥಿತಿಗೆ ಅನ್ವಯಿಸಿ ಇಲ್ಲಿ ವಿವರಿಸಿದ್ದೇನೆ.

ಸಲಹೆಗಾರರು ಯಾರು, ಯಾರಲ್ಲ

ಬ್ರಿಟನ್ನಿನಲ್ಲಿ ಈ ವೃತ್ತಿ ಬೆಳೆದದ್ದು ಯೋಜನಾ ವ್ಯವಸ್ಥೆಯ ಒಳಗೇ. ಇಂಗ್ಲೆಂಡಿನಲ್ಲಿ 1990ರಲ್ಲಿ ಹೊರಬಂದ ಸರಕಾರಿ ಮಾರ್ಗಸೂಚಿಯೊಂದು, ಕಟ್ಟಡ ಕಟ್ಟುವವರು ಅನುಮತಿ ಕೇಳುವ ಮುನ್ನವೇ ತಮ್ಮ ಜಾಗದ ನೆಲದಡಿಯಲ್ಲಿ ಏನಿರಬಹುದು ಎಂಬ ಮಾಹಿತಿಯನ್ನು ತಮ್ಮದೇ ಖರ್ಚಿನಲ್ಲಿ ಒದಗಿಸಬೇಕೆಂಬ ಪದ್ಧತಿಯನ್ನು ನೆಲೆಗೊಳಿಸಿತು. ಹಾಗಾಗಿ ಅಲ್ಲಿ ಸಲಹೆಗಾರರು ಮೊದಲು ಹಳೆಯ ದಾಖಲೆಗಳನ್ನು ಪರಿಶೀಲಿಸುತ್ತಾರೆ, ಅನಂತರ ಅಗತ್ಯವಿದ್ದರೆ ಪರೀಕ್ಷಾ ಕಂದಕಗಳನ್ನು ತೋಡಿಸುತ್ತಾರೆ, ಸ್ಥಳೀಯ ಆಡಳಿತದ ಪುರಾತತ್ವಾಧಿಕಾರಿಗೂ ಕಟ್ಟಡದ ಮಾಲೀಕನಿಗೂ ನಡುವೆ ನಿಂತು ಷರತ್ತುಗಳನ್ನು ಇತ್ಯರ್ಥಗೊಳಿಸುತ್ತಾರೆ.

ನಮ್ಮಲ್ಲಿ ಚಿತ್ರ ಬೇರೆ. ಭಾರತದಲ್ಲಿ ಪುರಾತತ್ವ ಉತ್ಖನನವನ್ನು ಖಾಸಗಿ ಸಲಹೆಗಾರರು ತಮ್ಮಷ್ಟಕ್ಕೆ ಮಾಡುವಂತಿಲ್ಲ. ಅದಕ್ಕೆ ಕೇಂದ್ರದ ಪುರಾತತ್ವ ಸರ್ವೇಕ್ಷಣ ಇಲಾಖೆಯ ಪರವಾನಗಿ ಬೇಕು, ಮತ್ತು ಸಂರಕ್ಷಿತವಲ್ಲದ ಜಾಗದಲ್ಲಿ ಅಗೆಯಲು ರಾಜ್ಯ ಸರಕಾರವೂ ಕೇಂದ್ರದ ಪೂರ್ವಾನುಮತಿಯನ್ನು ಪಡೆಯಬೇಕೆಂದು 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಯ 24ನೆಯ ಸೆಕ್ಷನ್ ಹೇಳುತ್ತದೆ. ಆದ್ದರಿಂದ ಇಲ್ಲಿ ಸಲಹೆಗಾರರ ಕೆಲಸವೆಂದರೆ ಓದುವುದು, ಅಳೆಯುವುದು, ನಡೆದು ನೋಡುವುದು, ಬರೆಯುವುದು. ‘ಒಂದು ಸಣ್ಣ ಗುಂಡಿ ತೋಡಿ ನೋಡಿಬಿಡೋಣ’ ಎನ್ನುವ ಸಲಹೆಗಾರರು ಸಿಕ್ಕಿದರೆ ಅವರನ್ನು ಅಲ್ಲಿಗೇ ಬಿಡುವುದು ಕ್ಷೇಮ. ಎನ್‌ಒಸಿಯನ್ನು ‘ಮಾಡಿಸಿಕೊಡುವ’ ಏಜೆಂಟರೂ ಪುರಾತತ್ವ ಸಲಹೆಗಾರರಲ್ಲ. ಅರ್ಜಿ ತುಂಬಿಸುವುದು ಒಂದು ಕೆಲಸ, ಜಾಗದ ಚರಿತ್ರೆಯನ್ನು ಅರಿತು ಕಟ್ಟಡ ಎಲ್ಲಿ ಕೂರಬೇಕೆಂದು ಹೇಳುವುದು ಇನ್ನೊಂದು ಕೆಲಸ.

ಮೊದಲ ಕೆಲಸ: ಜಾಗದ ಸ್ಥಾನಮಾನವನ್ನು ಖಚಿತಪಡಿಸಿಕೊಳ್ಳುವುದು

ಸಲಹೆಗಾರರು ನಿಮಗೆ ಮೊಟ್ಟಮೊದಲು ಹೇಳಬೇಕಾದದ್ದು, ನಿಮ್ಮ ಜಾಗದ ಸಮೀಪದ ಸ್ಮಾರಕ ಯಾರ ಸಂರಕ್ಷಣೆಯಲ್ಲಿದೆ ಎಂಬುದನ್ನು. ಕೆಳದಿಯ ಶಿವಪ್ಪ ನಾಯಕನ ಕಾಲದ ಹೆಸರಿನೊಂದಿಗೆ ಬೆಸೆದುಕೊಂಡ ಬೇಕಲ ಕೋಟೆಯೂ ಚಂದ್ರಗಿರಿ ಕೋಟೆಯೂ ನಮಗೆ ಒಂದೇ ಪರಂಪರೆಯವು. ಆದರೆ ಬೇಕಲ ಕೋಟೆ ಕೇಂದ್ರದ ಪುರಾತತ್ವ ಸರ್ವೇಕ್ಷಣ ಇಲಾಖೆಯ ತ್ರಿಶೂರ್ ಸರ್ಕಲ್‌ನ ಅಧೀನದಲ್ಲಿದೆ, ಚಂದ್ರಗಿರಿ ಕೋಟೆ ಕೇರಳ ರಾಜ್ಯ ಪುರಾತತ್ವ ಇಲಾಖೆಯ ಅಧೀನದಲ್ಲಿದೆ. ಮೊದಲನೆಯದಕ್ಕೆ 1958ರ ಕೇಂದ್ರ ಕಾಯಿದೆ ಮತ್ತು ಅದಕ್ಕೆ 2010ರಲ್ಲಿ ಬಂದ ತಿದ್ದುಪಡಿ ಅನ್ವಯಿಸಿದರೆ, ಎರಡನೆಯದಕ್ಕೆ ಕೇರಳದ 1968ರ ಕಾಯಿದೆ ಅನ್ವಯಿಸುತ್ತದೆ. ಕೇಂದ್ರದ ನಿಯಮವನ್ನು ಓದಿಕೊಂಡು ಚಂದ್ರಗಿರಿಯ ಪಕ್ಕದ ಜಾಗಕ್ಕೆ ತೀರ್ಮಾನ ಹೇಳುವುದಾಗಲಿ, ರಾಜ್ಯದ ಸ್ಮಾರಕವೊಂದರ ಅನುಭವವನ್ನು ಬೇಕಲಕ್ಕೆ ಹಚ್ಚುವುದಾಗಲಿ ಸಲ್ಲದು. ರಾಜ್ಯ ಸಂರಕ್ಷಿತ ಸ್ಮಾರಕದ ಬಳಿ ಜಾಗವಿದ್ದರೆ ರಾಜ್ಯ ಪುರಾತತ್ವ ಇಲಾಖೆಗೆ ಸರ್ವೆ ನಂಬರ್ ಸಹಿತ ಪತ್ರ ಬರೆದು ಲಿಖಿತ ಉತ್ತರವನ್ನೇ ಪಡೆಯಬೇಕು. ಕೇರಳದಲ್ಲಿ ಕನ್ನಡ ಭಾಷಾ ಅಲ್ಪಸಂಖ್ಯಾತರು ರಾಜ್ಯ ಸರಕಾರದೊಂದಿಗೆ ತಮ್ಮ ಭಾಷೆಯಲ್ಲಿ ವ್ಯವಹರಿಸಲು 1969ರ ಅಧಿಕೃತ ಭಾಷಾ ಕಾಯಿದೆಯಲ್ಲಿ ಅವಕಾಶವಿರುವುದರಿಂದ ಈ ಪತ್ರವನ್ನು ಕನ್ನಡದಲ್ಲೇ ಬರೆಯಬಹುದು. ನಮ್ಮವರು ಈ ಹಕ್ಕನ್ನು ಬಳಸಿಕೊಳ್ಳುವುದು ಕಡಿಮೆ ಎಂಬುದು ನನಗೆ ಬೇಸರದ ಸಂಗತಿ. ಕೇಂದ್ರಕ್ಕೆ ಹೋಗುವ ಅರ್ಜಿಯನ್ನು ಮಾತ್ರ ಇಂಗ್ಲಿಷಿನಲ್ಲಿ ಸಿದ್ಧಪಡಿಸಿಕೊಳ್ಳುವುದು ಒಳ್ಳೆಯದು.

ಕೇಂದ್ರ ಸಂರಕ್ಷಿತ ಸ್ಮಾರಕವಾದರೆ ಲೆಕ್ಕ ಸ್ಪಷ್ಟ. ಸಂರಕ್ಷಿತ ಪ್ರದೇಶದ ಗಡಿಯಿಂದ ಎಲ್ಲ ದಿಕ್ಕಿಗೂ 100 ಮೀಟರ್ ನಿಷೇಧಿತ ವಲಯ, ಅದರಾಚೆಗಿನ 200 ಮೀಟರ್ ನಿಯಂತ್ರಿತ ವಲಯ. ನಿಷೇಧಿತ ವಲಯದಲ್ಲಿ ಹೊಸ ಕಟ್ಟಡಕ್ಕೆ ಅವಕಾಶವಿಲ್ಲ. 1992ರ ಜೂನ್ 16ಕ್ಕಿಂತ ಮುಂಚೆಯೇ ಇದ್ದ ಕಟ್ಟಡಕ್ಕೆ, ಅಥವಾ ಅನಂತರ ಇಲಾಖೆಯ ಮಹಾನಿರ್ದೇಶಕರ ಒಪ್ಪಿಗೆ ಪಡೆದು ಕಟ್ಟಿದ್ದಕ್ಕೆ, ದುರಸ್ತಿ ಮತ್ತು ನವೀಕರಣದ ಅನುಮತಿ ಕೇಳಬಹುದು. ದುರಸ್ತಿ ಎಂಬುದರಲ್ಲಿ ಕೆಡವಿ ಕಟ್ಟುವುದು ಸೇರುವುದಿಲ್ಲ. ಅಜ್ಜನ ಕಾಲದ ಹಂಚಿನ ಮನೆಯ ಪಕ್ಕಾಸು ಬದಲಿಸಿ ಹಂಚು ಹೊದಿಸುವುದಕ್ಕೂ, ಅದನ್ನು ಉರುಳಿಸಿ ಅದೇ ಪಂಚಾಂಗದ (ತಳಪಾಯದ) ಮೇಲೆ ತಾರಸಿ ಮನೆ ಎಬ್ಬಿಸುವುದಕ್ಕೂ ಕಾನೂನಿನಲ್ಲಿ ಅಜಗಜಾಂತರವಿದೆ. ನಿಯಂತ್ರಿತ ವಲಯದಲ್ಲಿ ಹೊಸ ನಿರ್ಮಾಣ, ಮರುನಿರ್ಮಾಣ, ದುರಸ್ತಿ ಎಲ್ಲಕ್ಕೂ ಅರ್ಜಿ ಹಾಕಬಹುದು, ಅನುಮತಿ ಸಿಕ್ಕ ಮೇಲೆಯೇ ಕೆಲಸ ಆರಂಭಿಸಬೇಕು. ಅನುಮತಿಯಿಲ್ಲದ ನಿರ್ಮಾಣಕ್ಕೆ ಎರಡು ವರ್ಷದವರೆಗಿನ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿಯವರೆಗಿನ ದಂಡ ಅಥವಾ ಎರಡನ್ನೂ ವಿಧಿಸಲು ಕಾಯಿದೆಯಲ್ಲಿ ಅವಕಾಶವಿದೆ.

ಸಲಹೆಗಾರರ ನಿಜವಾದ ಉಪಯೋಗ ಕಾಣುವುದು ಈ ಅಳತೆಯಲ್ಲಿ. ಜನ ಟೇಪು ಹಿಡಿಯುವುದು ಕಣ್ಣಿಗೆ ಕಾಣುವ ಗೋಡೆಯಿಂದ, ಕಾಯಿದೆ ಅಳೆಯುವುದು ಸಂರಕ್ಷಿತವೆಂದು ಘೋಷಿಸಿದ ಪ್ರದೇಶದ ಗಡಿಯಿಂದ. ಸುಮಾರು 40 ಎಕರೆಗೆ ಹರಡಿಕೊಂಡಿರುವ ಬೇಕಲದಂಥ ಕೋಟೆಯಲ್ಲಿ ಬುರುಜು, ಕಂದಕ, ಹೊರಗಿನ ಬಯಲು ಇವುಗಳಲ್ಲಿ ಯಾವುದು ಗಡಿಯೊಳಗಿದೆ ಎಂಬುದನ್ನು ಕಣ್ಣಂದಾಜಿನಲ್ಲಿ ಹೇಳಲಾಗದು. ಘೋಷಣೆಯಲ್ಲಿ ನಮೂದಾದ ಸರ್ವೆ ನಂಬರುಗಳನ್ನು ಇಂದಿನ ರೀಸರ್ವೆ ನಂಬರುಗಳೊಂದಿಗೆ ಹೊಂದಿಸಿ, ವಿಲೇಜ್ ಆಫೀಸಿನಿಂದ ಎಫ್‌ಎಂಬಿ ಸ್ಕೆಚ್ (ಜಮೀನಿನ ಅಳತೆ ಪುಸ್ತಕದ ನಕ್ಷೆ) ತೆಗೆಸಿ, ಸರ್ವೆಯರರನ್ನು ಜೊತೆಗಿಟ್ಟುಕೊಂಡು ನಿಮ್ಮ ಜಾಗದ ನಾಲ್ಕು ಮೂಲೆಗಳಿಂದಲೂ ದೂರವನ್ನು ಗುರುತಿಸಿಕೊಡಬೇಕು. ಒಂದೇ ಜಾಗದ ಪಡುವಣ ಮೂಲೆ ನಿಷೇಧಿತ ವಲಯದಲ್ಲಿದ್ದು ಮೂಡಣ ಮೂಲೆ ನಿಯಂತ್ರಿತ ವಲಯದಲ್ಲಿರುವ ಸಾಧ್ಯತೆ ಇದ್ದೇ ಇದೆ. ಆಗ ಮನೆಯನ್ನು ಮೂಡು ದಿಕ್ಕಿಗೆ ಸರಿಸಿ, ಪಡುವಣ ಭಾಗವನ್ನು ತೋಟಕ್ಕೆ ಬಿಟ್ಟರೆ ಯೋಜನೆ ಉಳಿದುಕೊಳ್ಳುತ್ತದೆ. ಈ ಒಂದು ಮಾತು ನಕ್ಷೆಯ ಮೊದಲು ಬಂದರೆ ಲಕ್ಷಗಟ್ಟಲೆ ರೂಪಾಯಿ ಉಳಿಯುತ್ತದೆ.

ಕಡಲತೀರದವರು ಇನ್ನೊಂದನ್ನೂ ಗಮನಿಸಬೇಕು: ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯಲ್ಲಿ ಪುರಾತತ್ವ ಮಹತ್ವದ ಮತ್ತು ಪಾರಂಪರಿಕ ತಾಣಗಳನ್ನು ಅತ್ಯಂತ ಬಿಗಿಯಾದ ಒಂದು-ಎ ವರ್ಗದಲ್ಲಿ ಸೇರಿಸಲಾಗಿದೆ. 20,000 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ಕಟ್ಟಡ ಯೋಜನೆಗಳಿಗೆ 2006ರ ಪರಿಸರ ಅಧಿಸೂಚನೆಯ ಅನುಮತಿಯೂ ಬೇಕಾಗುತ್ತದೆ. ಅದರ ಅರ್ಜಿ ನಮೂನೆಯಲ್ಲಿ 15 ಕಿಲೋಮೀಟರ್ ಒಳಗಿನ, ಸಾಂಸ್ಕೃತಿಕ ಮೌಲ್ಯಕ್ಕಾಗಿ ಕಾನೂನಿನ ರಕ್ಷಣೆ ಪಡೆದ ಪ್ರದೇಶಗಳ ವಿವರವನ್ನು ಕೇಳಲಾಗಿದೆ. ಆ ಕಾಲಂನಲ್ಲಿ ‘ಇಲ್ಲ’ ಎಂದು ಬರೆದು ಮುಗಿಸುವ ಬದಲು ಪುರಾತತ್ವ ಸಲಹೆಗಾರರ ಕೈಯಲ್ಲೇ ತುಂಬಿಸಬೇಕು.

ಎರಡನೆಯದು: ಕಡತ ಓದುವುದು

ಗಡಿನಾಡಿನ ವಿಶೇಷ ಇರುವುದು ಇಲ್ಲಿಯೇ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಕಾಸರಗೋಡು ಮದ್ರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿತ್ತು. ಆ ಕಾಲದ ಅಡಂಗಲ್ (ಊರಿನ ಜಮೀನು-ಬೆಳೆಯ ಲೆಕ್ಕ), ವರ್ಗ (ಕಂದಾಯದ ಹಿಡುವಳಿ), ಮೂಲಗೇಣಿಯ (ಶಾಶ್ವತ ಗೇಣಿಯ) ಪತ್ರಗಳು, ದೇವಸ್ಥಾನ ಮತ್ತು ಬೀಡುಗಳ (ಹಳೆಯ ಅರಸು ಮನೆಗಳ) ಲೆಕ್ಕದ ಕಡತಗಳು ಹೆಚ್ಚಿನವು ಕನ್ನಡದಲ್ಲಿವೆ, ಅದೂ ಮೋಡಿಯಂತೆ ಓಡುವ ಕೈಬರಹದಲ್ಲಿ. ಕನ್ನಡ ಓದಲು ಬಾರದ ಸಲಹೆಗಾರರು ಎಷ್ಟೇ ವಿದ್ವಾಂಸರಾಗಿದ್ದರೂ ಈ ಪದರ ಅವರಿಗೆ ತೆರೆದುಕೊಳ್ಳುವುದಿಲ್ಲ. ಮಲಯಾಳದಲ್ಲಿರುವ ಇತ್ತೀಚಿನ ದಾಖಲೆಗಳನ್ನೂ ಇಂಗ್ಲಿಷಿನ ಇಲಾಖಾ ವರದಿಗಳನ್ನೂ ಓದಿ, ಕನ್ನಡದ ಕಡತಗಳನ್ನು ಬಿಟ್ಟ ವರದಿ ನಮ್ಮ ಜಿಲ್ಲೆಯ ಮಟ್ಟಿಗೆ ಅರ್ಧ ವರದಿ. ಆದ್ದರಿಂದ ಸಲಹೆಗಾರರನ್ನು ಗೊತ್ತುಮಾಡುವಾಗ, ಅವರ ತಂಡದಲ್ಲಿ ಹಳೆಯ ಕನ್ನಡ ಕೈಬರಹವನ್ನು ಓದಬಲ್ಲ ಒಬ್ಬರಾದರೂ ಇದ್ದಾರೆಯೇ ಎಂದು ನೇರವಾಗಿ ಕೇಳಬೇಕು.

ಈ ಹಂತದಲ್ಲಿ ಅವರು ನೋಡಬೇಕಾದವುಗಳಲ್ಲಿ ಮುಖ್ಯವಾದವು ಹಳೆಯ ಗ್ರಾಮನಕ್ಷೆಗಳು, ನಿಮ್ಮ ಜಾಗದ ಹಿಂದಿನ ಆಧಾರಪತ್ರಗಳಲ್ಲಿರುವ ಗಡಿಗುರುತುಗಳು, ಮದ್ರಾಸ್ ಪ್ರಾಂತ್ಯದ ಪ್ರಾಚೀನ ಅವಶೇಷಗಳ ಕುರಿತು ರಾಬರ್ಟ್ ಸೀವೆಲ್ 1882ರಲ್ಲಿ ಪ್ರಕಟಿಸಿದ ಜಿಲ್ಲಾವಾರು ಪಟ್ಟಿ, ದಕ್ಷಿಣ ಭಾರತದ ಶಾಸನ ಸಂಪುಟಗಳು, 1801ರ ಆರಂಭದಲ್ಲಿ ಮಲಬಾರಿನಿಂದ ಈ ದಾರಿಯಾಗಿ ಕನ್ನಡ ಜಿಲ್ಲೆಗೆ ಹಾದುಹೋದ ಈಸ್ಟ್ ಇಂಡಿಯಾ ಕಂಪನಿಯ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್ನನ ಟಿಪ್ಪಣಿಗಳು. ಬೇಕಲದಲ್ಲಿ ಕೇಂದ್ರ ಇಲಾಖೆ 1997ರಿಂದ ಕೆಲವು ವರ್ಷ ನಡೆಸಿದ ಉತ್ಖನನದಲ್ಲಿ ಕೋಟೆಯೊಳಗೆ ಕಟ್ಟಡಗಳ ತಳಪಾಯಗಳು ಹೊರಬಂದವು. ಬರಿಯ ಹುಲ್ಲುಹಾಸಿನಂತೆ ಕಾಣುತ್ತಿದ್ದ ನೆಲದಡಿಯಲ್ಲಿ ಅವು ಇದ್ದವು ಎಂಬುದನ್ನು ನೆನೆದರೆ, ಮೇಲ್ಮೈ ಬೋಳಾಗಿದೆ ಎಂಬ ಕಾರಣಕ್ಕೆ ಅಡಿಯಲ್ಲಿ ಏನೂ ಇಲ್ಲವೆನ್ನುವುದು ಎಷ್ಟು ಅವಸರದ ಮಾತೆಂದು ತಿಳಿಯುತ್ತದೆ. ಸಂರಕ್ಷಿತ ಪಟ್ಟಿಯಲ್ಲಿ ಇಲ್ಲದ ಬೀಡಿನ ಅಡಿಪಾಯ, ಪಾಳುಬಿದ್ದ ಗರಡಿ, ಕೆರೆಯ ಏರಿ, ವೀರಗಲ್ಲು ಮೊದಲಾದವು ಗಡಿಗುರುತಿನ ಒಂದು ಸಾಲಿನಲ್ಲಿ ಮಾತ್ರ ಉಳಿದಿರುವುದುಂಟು, ಹಾಗಾಗಿ ಆಧಾರಪತ್ರವನ್ನು ವಕೀಲರು ಓದಿದ ಮೇಲೆ ಸಲಹೆಗಾರರೂ ಒಮ್ಮೆ ಓದಲಿ.

ಮೂರನೆಯದು: ನಡೆದು ನೋಡುವುದು

ನಮ್ಮ ಪದವುಗಳ (ಮುರಕಲ್ಲಿನ ಬಯಲು ಗುಡ್ಡಗಳ) ಮೇಲೆ ನಡೆದು ನೋಡುವುದಕ್ಕೆ ಕಾಲವಿದೆ. ಮಳೆಗಾಲದಲ್ಲೂ ಅದು ಕಳೆದ ಕೂಡಲೇ ಕೂಡ ಮುಳಿಹುಲ್ಲು ನೆಲವನ್ನೇ ಮರೆಮಾಡಿರುತ್ತದೆ. ಹುಲ್ಲು ಒಣಗಿ, ಕೊಯ್ಲಾಗಿ, ಮುರದ ಮೇಲ್ಮೈ ಬಿಸಿಲಿಗೆ ತೆರೆದುಕೊಂಡಿರುವ ಜನವರಿಯಿಂದ ಮಾರ್ಚ್‌ವರೆಗಿನ ಅವಧಿ ಉತ್ತಮ. ಬೆಳಗ್ಗೆ ಬೇಗ ಅಥವಾ ಸಂಜೆ ಬಿಸಿಲು ಓರೆಯಾಗಿ ಬೀಳುವಾಗ ಮುರದ ಮೇಲಿನ ಸಣ್ಣ ತಗ್ಗುಗಳೂ ಕೊರೆದ ಗೆರೆಗಳೂ ನೆರಳಿನಿಂದ ಎದ್ದು ಕಾಣುತ್ತವೆ. ನಡುಮಧ್ಯಾಹ್ನ ಅವೇ ಕಣ್ಣಿಗೆ ಬೀಳುವುದಿಲ್ಲ.

ಇಲ್ಲಿ ಹುಡುಕಬೇಕಾದ ಮುಖ್ಯ ವಸ್ತು ಮುರಕಲ್ಲಿನಲ್ಲಿ ಕೊರೆದ, ಬೃಹತ್ ಶಿಲಾಯುಗದ (ಕಬ್ಬಿಣ ಬಳಕೆಯಲ್ಲಿದ್ದ, ದೊಡ್ಡ ಕಲ್ಲಿನ ಸಮಾಧಿಗಳ ಕಾಲದ) ಸಮಾಧಿ ಗುಹೆ. ಉತ್ತರ ಕೇರಳದ ಮುರಕಲ್ಲಿನ ಗುಡ್ಡಗಳಲ್ಲಿ ಇಂಥವು ಅನೇಕ. ಮೇಲಿನಿಂದ ಕಾಣುವುದು ಗಟ್ಟಿ ಮುರದಲ್ಲಿ ದುಂಡಗೆ ಕೊರೆದ ಒಂದು ಕಂಡಿ, ಕೆಲವೊಮ್ಮೆ ಅದರ ಮೇಲೊಂದು ಮುಚ್ಚುಕಲ್ಲು. ಪಕ್ಕದಲ್ಲಿ ಮಣ್ಣು ತುಂಬಿದ ತಗ್ಗೊಂದರ ಆಚೆ, ಚೌಕಟ್ಟಿನಂತೆ ಹಂತಹಂತವಾಗಿ ಒಳಸರಿಸಿ ಕೊರೆದ ಸಣ್ಣ ಬಾಗಿಲು ಇರುತ್ತದೆ. ಒಳಗೆ ಗುಮ್ಮಟದಂತೆ ಬಾಗಿದ ಛಾವಣಿ, ನೆಲದಲ್ಲಿ ಕಪ್ಪು-ಕೆಂಪು ಮಡಕೆಗಳು, ತುಕ್ಕು ಹಿಡಿದ ಕಬ್ಬಿಣದ ತುಂಡುಗಳು. ಊರಿನವರು ಇವನ್ನು ಪಾಂಡವರ ಗುಹೆಯೆಂದೋ ಕಳ್ಳರು ಅಡಗುತ್ತಿದ್ದ ಜಾಗವೆಂದೋ ಕರೆಯುವುದುಂಟು. ಬಾಯಾರು, ಎಣ್ಮಕಜೆ ಭಾಗದವರಿಗೆ ನೀರಿಗಾಗಿ ಕೊರೆದ ಸುರಂಗಗಳ ಪರಿಚಯ ಚೆನ್ನಾಗಿರುವುದರಿಂದ ಗುಡ್ಡದಲ್ಲಿನ ಯಾವ ರಂಧ್ರವನ್ನು ಕಂಡರೂ ಸುರಂಗವೆಂದು ಭಾವಿಸುವ ಸಂಭವವಿದೆ. ನೀರಿನ ಸುರಂಗ ಆಳು ಹೋಗುವಷ್ಟು ಎತ್ತರವಾಗಿ ಗುಡ್ಡದೊಳಕ್ಕೆ ಉದ್ದಕ್ಕೆ ಸಾಗುತ್ತದೆ, ಸಮಾಧಿ ಗುಹೆ ಕೆಲವೇ ಅಡಿಗಳಲ್ಲಿ ಮುಗಿಯುವ ದುಂಡು ಕೋಣೆ. ಅನುಭವಿ ಸಲಹೆಗಾರರು ಈ ವ್ಯತ್ಯಾಸವನ್ನು ಜಾಗದಲ್ಲೇ ತೋರಿಸಿಕೊಡುತ್ತಾರೆ. ನಡೆಯುವಾಗ ಊರಿನ ಹಿರಿಯರೊಬ್ಬರನ್ನು, ಸಾಧ್ಯವಾದರೆ ಹತ್ತಿರದ ಕಲ್ಲುಕೋರೆಯಲ್ಲಿ ಕೆಲಸ ಮಾಡಿದವರನ್ನು ಜೊತೆಗೆ ಕರೆದುಕೊಳ್ಳಬೇಕು. ಕಲ್ಲು ಕಡಿಯುವಾಗ ಎಲ್ಲೆಲ್ಲಿ ಟೊಳ್ಳು ಸಿಕ್ಕಿತ್ತು, ಎಲ್ಲಿ ಮಡಕೆ ಒಡೆದಿತ್ತು ಎಂಬುದು ಅವರಿಗೆ ಗೊತ್ತಿರುತ್ತದೆ, ಯಾವ ಇಲಾಖೆಯ ಪಟ್ಟಿಯಲ್ಲೂ ಅದು ಇರುವುದಿಲ್ಲ.

ನಾಗಬನ, ದೈವಸ್ಥಾನಗಳ ವಿಷಯದಲ್ಲಿ ಸಲಹೆಗಾರರು ಮೊದಲು ಮನೆಯ ಯಜಮಾನರ, ಆಡಳಿತದವರ ಒಪ್ಪಿಗೆ ಪಡೆದೇ ಒಳಗೆ ಕಾಲಿಡಬೇಕು. ಕಲ್ಲುಗಳನ್ನು ಎತ್ತಿ ಅಡಿಯನ್ನು ನೋಡುವುದು, ಶಾಸನಕ್ಕೆ ಸುಣ್ಣ ಹಚ್ಚಿ ಅಕ್ಷರ ಬಿಡಿಸುವುದು, ಇವೆರಡೂ ಬೇಡ.

ವರದಿ, ಅರ್ಜಿ, ಕಾಯುವ ಕಾಲ

ಒಳ್ಳೆಯ ವರದಿಯಲ್ಲಿ ಮೂರು ಸಂಗತಿಗಳು ಬೇರೆ ಬೇರೆಯಾಗಿ ಕಾಣಬೇಕು: ಕಣ್ಣಾರೆ ಕಂಡದ್ದು, ದಾಖಲೆಯಿಂದ ತಿಳಿದದ್ದು, ಇವೆರಡರಿಂದ ಊಹಿಸಿದ್ದು. ಈ ಮೂರನ್ನು ಕಲಸಿ ಬರೆದ ವರದಿ ಅಧಿಕಾರಿಗಳ ಮುಂದೆ ನಿಲ್ಲುವುದಿಲ್ಲ. ಕೊನೆಯಲ್ಲಿ ಕಟ್ಟಡದ ಕುರಿತು ನೇರವಾದ ಸಲಹೆ ಇರಬೇಕು. ಅಡಿಪಾಯದ ಆಳವನ್ನು ಕಡಿಮೆ ಮಾಡಬಹುದೇ, ನೆಲಮಾಳಿಗೆಯನ್ನು ಬಿಡಬಹುದೇ, ಇಂಗುಗುಂಡಿಯನ್ನೂ ಸೆಪ್ಟಿಕ್ ಟ್ಯಾಂಕನ್ನೂ ಯಾವ ಬದಿಗೆ ಹಾಕಬೇಕು, ಕೋಟೆಯಿಂದ ನೋಡಿದಾಗ ಮಹಡಿಯ ಮೇಲಿನ ನೀರಿನ ಟ್ಯಾಂಕು ಎಷ್ಟು ಎತ್ತರಕ್ಕೆ ಎದ್ದು ಕಾಣುತ್ತದೆ ಎಂಬಂಥ ಪ್ರಶ್ನೆಗಳಿಗೆ ಉತ್ತರ ಅಲ್ಲಿ ಸಿಗಬೇಕು. ಎತ್ತರವನ್ನು ಹೇಳುವಾಗ ಮೆಟ್ಟಿಲುಕೋಣೆ, ಪ್ಯಾರಪೆಟ್, ಟ್ಯಾಂಕು ಎಲ್ಲವನ್ನೂ ಸೇರಿಸಿದ ಒಟ್ಟು ಎತ್ತರವನ್ನೇ ಹೇಳಬೇಕು.

ನಿಯಂತ್ರಿತ ವಲಯದ ಅರ್ಜಿ ಹೋಗುವುದು ಸಕ್ಷಮ ಪ್ರಾಧಿಕಾರಿಗೆ, ಅಂದರೆ ಇಂಥ ಅರ್ಜಿಗಳಿಗಾಗಿ ಕೇಂದ್ರ ಸರಕಾರ ಗೊತ್ತುಮಾಡಿದ ಅಧಿಕಾರಿಗೆ. ಅವರು 15 ದಿನಗಳೊಳಗೆ ಅದನ್ನು ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಕಳುಹಿಸಬೇಕು, ಪ್ರಾಧಿಕಾರ ಎರಡು ತಿಂಗಳೊಳಗೆ ಶಿಫಾರಸು ತಿಳಿಸಬೇಕು, ಅದು ಬಂದ ಒಂದು ತಿಂಗಳೊಳಗೆ ಸಕ್ಷಮ ಪ್ರಾಧಿಕಾರಿ ಅನುಮತಿಯನ್ನು ಕೊಡಬೇಕು ಅಥವಾ ನಿರಾಕರಿಸಬೇಕು. ಎಲ್ಲವೂ ಸರಿಯಾಗಿ ಸಾಗಿದರೆ ಮೂರೂವರೆ ತಿಂಗಳು. ದಾಖಲೆಯೊಂದು ಕಡಿಮೆಯಾದರೆ ಇನ್ನೂ ಹೆಚ್ಚು. ಪಂಚಾಯತ್ ಅಥವಾ ನಗರಸಭೆಯ ಕಟ್ಟಡ ಪರವಾನಗಿ ಇದಕ್ಕಿಂತ ಬೇರೆ, ಒಂದು ಸಿಕ್ಕಿದ ಮಾತ್ರಕ್ಕೆ ಇನ್ನೊಂದು ಸಿಕ್ಕಿದಂತಲ್ಲ. ಮಳೆ ಮುಗಿದ ಕೂಡಲೇ ಪಂಚಾಂಗ ಹಾಕಬೇಕೆಂದಿರುವವರು ಅದರ ಹಿಂದಿನ ಬೇಸಗೆಯಲ್ಲಿ ಜಾಗ ನೋಡಿಸಿ, ಮಳೆಗಾಲ ಹಿಡಿಯುವ ಮೊದಲು ಅರ್ಜಿ ಸಲ್ಲಿಸಿದರೆ ದಿನಗಳು ಹೊಂದಿಕೊಳ್ಳುತ್ತವೆ.

ಅಗೆಯುವಾಗ ಏನಾದರೂ ಸಿಕ್ಕಿದರೆ

ಎಷ್ಟೇ ಜಾಗರೂಕತೆ ವಹಿಸಿದರೂ ನೆಲ ತನ್ನೊಳಗಿನದನ್ನು ಅಗೆದಾಗಲೇ ತೋರಿಸುವುದುಂಟು. ಟೊಳ್ಳು ಸದ್ದು ಬಂದರೆ, ಮಡಕೆಯ ಕಂಠ ಅಥವಾ ಕೊರೆದ ಕಲ್ಲು ಕಂಡರೆ ಯಂತ್ರವನ್ನು ಅಲ್ಲೇ ನಿಲ್ಲಿಸಬೇಕು. ಗುಹೆಯ ಬಾಯಿ ತೆರೆದಿದ್ದರೆ ಯಾರೂ ಒಳಗಿಳಿಯಬಾರದು; ಮುರ ಕುಸಿಯುವ ಅಪಾಯವಿದೆ, ಒಳಗಿನ ಗಾಳಿಯನ್ನೂ ನಂಬುವಂತಿಲ್ಲ. ಮಡಕೆಯನ್ನು ಎತ್ತಿ ತೊಳೆಯಬಾರದು, ಒಳಗಿನ ಮಣ್ಣನ್ನು ಚೆಲ್ಲಬಾರದು, ಏಕೆಂದರೆ ಸಂಶೋಧಕರಿಗೆ ಮಡಕೆಯಷ್ಟೇ ಅದರೊಳಗಿನ ಮಣ್ಣೂ ಅದು ಕೂತಿದ್ದ ಭಂಗಿಯೂ ಮುಖ್ಯ. ಪಕ್ಕದಲ್ಲೊಂದು ಅಳತೆಪಟ್ಟಿ ಇಟ್ಟು ಫೋಟೋ ತೆಗೆದು, ನೆಲಮಟ್ಟದಿಂದ ಎಷ್ಟು ಆಳದಲ್ಲಿ ಸಿಕ್ಕಿತೆಂದು ಬರೆದುಕೊಂಡು, ಟಾರ್ಪಾಲಿನಿಂದ ಮುಚ್ಚಿ, ಅದೇ ದಿನ ವಿಲೇಜ್ ಆಫೀಸರರಿಗೂ ರಾಜ್ಯ ಪುರಾತತ್ವ ಇಲಾಖೆಗೂ ಲಿಖಿತವಾಗಿ ತಿಳಿಸಬೇಕು. ನಾಣ್ಯ, ಚಿನ್ನ, ವಿಗ್ರಹದಂಥ ನಿಧಿ ಸಿಕ್ಕಿದರೆ ಕೇರಳದ 1968ರ ನಿಧಿ ಕಾಯಿದೆಯ ಪ್ರಕಾರ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು, ‘ನಮ್ಮ ಜಾಗ, ನಮ್ಮ ಸೊತ್ತು’ ಎಂಬ ವಾದ ಅಲ್ಲಿ ನಡೆಯುವುದಿಲ್ಲ. ಸಿಕ್ಕಿದ್ದನ್ನು ಹೇಳಿದರೆ ಜಾಗವೇ ಹೋಗುತ್ತದೆಂಬ ಹೆದರಿಕೆಯಿಂದ ರಾತ್ರೋರಾತ್ರಿ ಗುಹೆ ಮುಚ್ಚಿಸುವವರಿದ್ದಾರೆ. ಗುಹೆಯೊಂದು ಸಿಕ್ಕಿದ ಮಾತ್ರಕ್ಕೆ ಜಾಗ ಸಂರಕ್ಷಿತ ಸ್ಮಾರಕವಾಗುವುದಿಲ್ಲ, ಅದಕ್ಕೆ ಸರಕಾರದ ಪ್ರತ್ಯೇಕ ಅಧಿಸೂಚನೆ ಬೇಕು. ಈ ಮಾತನ್ನು ಮಾಲೀಕರಿಗೂ ಗುತ್ತಿಗೆದಾರರಿಗೂ ಯಂತ್ರದ ಚಾಲಕರಿಗೂ ಕೆಲಸ ಆರಂಭವಾಗುವ ದಿನವೇ ಮನದಟ್ಟು ಮಾಡಿಕೊಡುವುದು ಸಲಹೆಗಾರರ ಹೊಣೆ, ಮತ್ತು ಅವರ ಕೆಲಸಗಳಲ್ಲೆಲ್ಲ ಅತ್ಯಂತ ಫಲ ಕೊಡುವುದು ಇದೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆಯ್ಕೆ ಮತ್ತು ಒಪ್ಪಂದ

ವಾಸ್ತುಶಿಲ್ಪಿಗಳಿಗೆ ಇರುವಂಥ ಕಾನೂನುಬದ್ಧ ನೋಂದಣಿ ನಮ್ಮ ದೇಶದಲ್ಲಿ ಪುರಾತತ್ವ ಸಲಹೆಗಾರರಿಗೆ ಇಲ್ಲದ ಕಾರಣ ಓದು ಮತ್ತು ಕ್ಷೇತ್ರಾನುಭವವನ್ನೇ ನೋಡಬೇಕು. ಪುರಾತತ್ವದಲ್ಲಿ ಸ್ನಾತಕೋತ್ತರ ಪದವಿ, ಪರವಾನಗಿ ಪಡೆದ ಉತ್ಖನನದಲ್ಲಿ ಕೆಲಸ ಮಾಡಿದ ಅನುಭವ, ಹಿಂದೆ ಬರೆದ ಒಂದು ವರದಿಯ ಪ್ರತಿ, ಇವನ್ನು ಕೇಳಿ ಪಡೆಯಬಹುದು. ಯಾರೂ ಗೊತ್ತಿಲ್ಲದಿದ್ದರೆ ಕೇರಳ ವಿಶ್ವವಿದ್ಯಾಲಯದ ಪುರಾತತ್ವ ವಿಭಾಗದಲ್ಲೋ ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲೋ ವಿಚಾರಿಸಿದರೆ ದಾರಿ ಸಿಗುತ್ತದೆ.

ಸಂಭಾವನೆಯನ್ನು ಎನ್‌ಒಸಿ ಸಿಕ್ಕಿದರೆ ಇಷ್ಟು ಎಂದು ಗೊತ್ತುಮಾಡಬಾರದು. ಹಾಗೆ ಮಾಡಿದ ದಿನವೇ ಸಲಹೆಗಾರರ ಕಣ್ಣಿಗೆ ಬೇಡವಾದದ್ದು ಕಾಣದೆ ಹೋಗುತ್ತದೆ, ವರದಿಯ ಬೆಲೆಯೂ ಅಲ್ಲಿಗೆ ಮುಗಿಯುತ್ತದೆ. ದಾಖಲೆ ಪರಿಶೀಲನೆ, ಕ್ಷೇತ್ರಭೇಟಿ, ವರದಿ ಎಂದು ಹಂತವಾರು ಹಣ ನಿಗದಿಪಡಿಸಿ, ಅಗೆಯುವ ದಿನಗಳಲ್ಲಿ ಜಾಗದಲ್ಲಿ ನಿಂತು ನೋಡುವುದಕ್ಕೆ ದಿನದ ಲೆಕ್ಕದಲ್ಲಿ ಬೇರೆಯೇ ಮೊತ್ತ ಇಡುವುದು ಉಚಿತ. ವರದಿಯ ಒಂದು ಪ್ರತಿ ಮಾಲೀಕರಲ್ಲಿ, ಒಂದು ಪಂಚಾಯತ್ ಕಡತದಲ್ಲಿ, ಒಂದು ರಾಜ್ಯ ಪುರಾತತ್ವ ಇಲಾಖೆಯಲ್ಲಿ ಇರಬೇಕೆಂದೂ, ಅದಕ್ಕೆ ಎರಡು ಪುಟದ ಕನ್ನಡ ಸಾರಾಂಶವನ್ನು ಲಗತ್ತಿಸಬೇಕೆಂದೂ ಒಪ್ಪಂದದಲ್ಲೇ ಬರೆಸಿಕೊಳ್ಳಿ. ನಿಮ್ಮ ಪಕ್ಕದ ಜಾಗದವರು ಮುಂದೆ ಮನೆ ಕಟ್ಟಲು ಹೊರಟಾಗ ಅವರ ಸಲಹೆಗಾರರು ಮೊದಲು ಓದಬೇಕಾದ ದಾಖಲೆ ಅದೇ ಆಗಿರುತ್ತದೆ.